ಭಂಡಾರ ಬಿದ್ದ ಟಗರು

ಲಗಮವ್ವ ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಬಾಯಲ್ಲಿ ಅಕ್ಕಾ ಅನ್ನುತ್ತೇನೆ, ಆದರೆ ಆಕೆಯ ಮೇಲೆ ನನ್ನಷ್ಟು ಹರಿಹಾಯ್ದವರು ಈ ಊರಲ್ಲಿ ಇನ್ನೊಬ್ಬರಿಲ್ಲ. ಊರು ಯಾವುದು ಅಂತ ಕೇಳಬೇಡಿ. ಹುನಗುಂದಕ್ಕೂ ಇಳಕಲ್ಲಿಗೂ ನಡುವೆ, ಡಾಂಬರು ರಸ್ತೆ ಬಿಟ್ಟು ಎರಡು ಮೈಲಿ ಒಳಗೆ ಅಂದರೆ ಸಾಕು. ಹೆಸರು ಬರೆದರೆ ನಮ್ಮ ಹಿರಿಯರು ನಾಳೆ ಬೆಳಿಗ್ಗೆ ನನ್ನ ಕಟ್ಟೆಯ ಮೇಲೆ ಬಂದು ಕೂರುತ್ತಾರೆ, ಅವರಿಗೆಲ್ಲ ಚಹಾ ಕಾಸಿಕೊಡುವ ತಾಳ್ಮೆ ನನಗಿಲ್ಲ.

ಊರಾಚೆ, ಕೆಲಸ ನಿಲ್ಲಿಸಿದ ಒಂದು ಕಲ್ಲಿನ ಕ್ವಾರಿಯ ಮಗ್ಗುಲಲ್ಲಿ ಆಕೆಯ ಎರಡು ಎಕರೆ ಇದೆ. ಕೆಂಪು ಗ್ರಾನೈಟಿನ ಚೂರು ಬಿದ್ದು ಬಿದ್ದು ಜೋಳವೂ ಏಳದಂತಾದ ಭೂಮಿ. ಆಕೆಯೂ ನನ್ನ ಭಾವ ಶಿವಪುತ್ರನೂ ಅದೇ ಚೂರುಗಳನ್ನು ಆರಿಸಿ ಎದೆಮಟ್ಟದ ಗೋಡೆ ಕಟ್ಟಿದರು. ಒಳಗೆ ಎರಡು ಬೇವಿನ ಮರ, ಒಂದು ತಗಡಿನ ಚಪ್ಪರ, ನೀರಿಗೆ ಕಲ್ಲಿನ ಬಾನಿ. ಮುದಿಯಾದ ಎತ್ತು, ಬತ್ತಿದ ಎಮ್ಮೆ, ಕುಂಟ ಕುರಿ, ತತ್ತಿ ನಿಲ್ಲಿಸಿದ ಕೋಳಿ, ಊರಿಗೆ ಬೇಡವಾದದ್ದೆಲ್ಲ ಅಲ್ಲಿದೆ. ಅಲ್ಲಿಲ್ಲದ್ದು ಒಂದೇ, ಹಗ್ಗ. ಆ ಗೋಡೆಯ ಒಳಗೆ ಯಾವುದನ್ನೂ ಕಟ್ಟುವಂತಿಲ್ಲ, ಹಿಂಡುವಂತಿಲ್ಲ, ಹೂಡುವಂತಿಲ್ಲ. ಎಮ್ಮೆ ಈದರೆ ಹಾಲೆಲ್ಲ ಕರುವಿಗೆ. ನಮ್ಮ ಮನೆಗೆ ಒಂದು ಲೋಟ ಬಂದದ್ದಿಲ್ಲ, ನಾನು ಕೇಳಿಯೂ ನೋಡಿದ್ದೇನೆ.

ಇದು ಶುರುವಾದದ್ದು ಕೋಳಿಯಿಂದ. ಬಾಗಲಕೋಟೆ ಕಡೆಯ ಒಂದು ಕೋಳಿ ಫಾರ್ಮಿನಲ್ಲಿ ಲಗಮವ್ವ ನಾಲ್ಕು ವರ್ಷ ತತ್ತಿ ಆರಿಸುವ ಕೆಲಸ ಮಾಡಿದಳು. ತತ್ತಿ ಕಡಿಮೆಯಾದ ಕೋಳಿಗಳನ್ನು ಲಾರಿಗೆ ತುಂಬುವ ದಿನ ಒಂಬತ್ತನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿ ಬಂದುಬಿಟ್ಟಳು, ಕೆಲಸಕ್ಕೆ ತಿರುಗಿ ಹೋಗಲಿಲ್ಲ. ಪುಕ್ಕ ಉದುರಿ ಮೈ ಕಾಣುವ ಕೋಳಿಗಳು. ತಂತಿಯ ಮೇಲೆ ನಿಂತು ನಿಂತು ಉಗುರು ಸುರುಳಿಯಾಗಿತ್ತು. ನೆಲಕ್ಕೆ ಬಿಟ್ಟರೆ ಬಿಟ್ಟಲ್ಲೇ ನಿಂತವು, ಒಂದು ಹೆಜ್ಜೆ ಇಡಲಿಲ್ಲ. ಅವಕ್ಕೆ ಮಣ್ಣು ಅಂದರೇನು ಅಂತ ಗೊತ್ತಿರಲಿಲ್ಲ. ನಾನು ನಕ್ಕು ನಕ್ಕು ಸಾಕಾದೆ. ಒಳ್ಳೆಯ ಪಗಾರ ಬಿಟ್ಟು ಬೋಳು ಕೋಳಿ ತಂದಿದ್ದಾಳೆ, ಈಕೆಯ ತಲೆ ನೆಟ್ಟಗಿದೆಯೇ ಅಂತ ಓಣಿಯ ತುಂಬ ಹೇಳಿಕೊಂಡು ಬಂದೆ. ನಾಲ್ಕನೆಯ ದಿನ ಒಂದು ಕೋಳಿ ಬೇವಿನ ಬುಡದ ಧೂಳಿನಲ್ಲಿ ಮೆಲ್ಲಗೆ ಕೂತು, ರೆಕ್ಕೆ ಬಿಚ್ಚಿ, ಮಣ್ಣು ಎರಚಿಕೊಂಡು ಹೊರಳಾಡಿತು. ಯಾರೂ ಕಲಿಸಿದ್ದಿಲ್ಲ. ನಾನು ಅಲ್ಲೇ ಇದ್ದೆ. ನಗುವುದನ್ನು ಅವತ್ತು ಬಿಟ್ಟೆ. ಬಯ್ಯುವುದನ್ನು ಬಿಡಲಿಲ್ಲ, ಅದು ಬೇರೆ ಮಾತು.

ಆಮೇಲೆ ಎತ್ತು ಬಂದವು, ಕಸಾಯಿಖಾನೆಯ ದಾರಿಯಲ್ಲಿದ್ದ ಎರಡು. ಮೂಗುದಾರ ಕತ್ತರಿಸಿದ್ದಕ್ಕೆ ಊರೆಲ್ಲ ಗಲಾಟೆ ಮಾಡಿತು, ಎತ್ತು ಇನ್ನು ಯಾರ ಕೈಗೂ ಸಿಗುವುದಿಲ್ಲ, ಹೊಲ ಹೊಕ್ಕು ಬೆಳೆ ಹಾಳು ಮಾಡುತ್ತದೆ ಅಂತ. ಹೊಲ ಎಲ್ಲಿಯದು, ಆ ಪಾಪದ ಜೀವಗಳು ಎಂಟು ದಿನ ಒಂದೇ ಮರದ ಕೆಳಗೆ, ಇಲ್ಲದ ಹಗ್ಗಕ್ಕೆ ಕಟ್ಟಿಸಿಕೊಂಡು ನಿಂತಿದ್ದವು. ಲಗಮವ್ವ ಮೇವನ್ನು ದಿನಕ್ಕೆ ಒಂದು ಮಾರು ದೂರ ದೂರ ಹಾಕುತ್ತ ಹೋದಳು. ಹಾಗೆ ನಡೆಯಲು ಕಲಿತವು.

ಹೊಟ್ಟೆಪಾಡು ಹೇಗೆ ಅಂತ ಕೇಳುತ್ತೀರಿ. ಭಾವ ಇಳಕಲ್ಲಿನಲ್ಲಿ ಪವರ್‌ಲೂಮಿಗೆ ಹೋಗುತ್ತಾನೆ. ಆಕೆ ಬೆಳಿಗ್ಗೆ ನನ್ನ ಕೈಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಾಳೆ, ಮಧ್ಯಾಹ್ನ ಕೂತು ಸೀರೆ ನೇಯುತ್ತಾಳೆ. ಸುಗ್ಗಿ ಮುಗಿದ ಮೇಲೆ ಆಕೆಯ ಕುರಿಗಳನ್ನು ರೈತರು ತಮ್ಮ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಾರೆ, ಹಿಕ್ಕೆ ಗೊಬ್ಬರವಾಗುತ್ತದೆ, ಅದಕ್ಕೆ ಜೋಳ ಕೊಡುತ್ತಾರೆ. ಯಾರ ಮುಂದೆಯೂ ಕೈ ಚಾಚಿದವಳಲ್ಲ.

ಈಗ ಟಗರಿನ ಮಾತು. ಈ ಬರಹವೆಲ್ಲ ಅದಕ್ಕಾಗಿಯೇ.

ನಮ್ಮ ಕಡೆ ಟಗರಿನ ಕಾಳಗದ ಹುಚ್ಚು ಎಷ್ಟೆಂದರೆ, ಹೆತ್ತ ಮಕ್ಕಳಿಗೆ ಹಾಲಿಲ್ಲದ ಮನೆಯಲ್ಲೂ ಕಾಳಗದ ಟಗರಿಗೆ ದಿನಾ ತತ್ತಿ, ಹುರುಳಿ, ಹಾಲು. ಅದನ್ನು ಒಂಟಿ ಕೋಣೆಯಲ್ಲಿ ಬೇರೆ ಕಟ್ಟುತ್ತಾರೆ. ಹೆಣ್ಣು ಕುರಿಯ ವಾಸನೆ ತಾಗಬಾರದು, ತಾಗಿದರೆ ಕಸುವು ಇಳಿಯುತ್ತದಂತೆ. ಚರ್ಮದ ಹಲಗೆ ವಾದ್ಯ ಬಡಿದರೆ ಹಿಂದೆ ಸರಿದು ಓಡಿಬಂದು ಗುದ್ದಬೇಕು, ಅದೊಂದೇ ವಿದ್ಯೆ. ನಮ್ಮ ಕೆಳಗಿನ ಓಣಿಯ ದುಂಡೇಶನ ಹತ್ತಿರ ಅಂಥದೊಂದು ಟಗರಿತ್ತು, ನಾಲ್ಕು ಹಲ್ಲಿನದು, ಎರಡು ವರ್ಷದ ಪ್ರಾಯ. ಒಂದು ಕಾಳಗದಲ್ಲಿ ಅದು ಬೆನ್ನು ತೋರಿಸಿ ಓಡಿತು. ಬೆನ್ನು ತೋರಿಸಿದ ಟಗರಿಗೆ ನಮ್ಮಲ್ಲಿ ಬೆಲೆಯಿಲ್ಲ. ಹಣೆ ಒಡೆದಿತ್ತು, ಗಾಯಕ್ಕೆ ಹುಳು ಬಿದ್ದಿತ್ತು. ದುಂಡೇಶ ಅದನ್ನು ಇಳಕಲ್ಲಿನ ಮಾಂಸದಂಗಡಿಗೆ ಎಳೆದುಕೊಂಡು ಹೋಗುವಾಗ ಲಗಮವ್ವ ಅಡ್ಡ ನಿಂತಳು. ಹುಳ ಬಿದ್ದ ಮಾಂಸ ಯಾರು ಕೊಳ್ಳುತ್ತಾರೆ, ನನಗೆ ಕೊಡು ಅಂದಳು. ಆತ ನಾಲ್ಕು ಮಂದಿಯ ಎದುರು ಹಗ್ಗವನ್ನು ಆಕೆಯ ಕಾಲ ಬುಡಕ್ಕೆ ಎಸೆದು, ಒಯ್ದು ಪೂಜೆ ಮಾಡು ಅಂತ ನಕ್ಕು ಹೋದ.

ಇಳಕಲ್ಲಿನ ದನದ ದವಾಖಾನೆಯ ಡಾಕ್ಟರು ಫರಹಾನಾ ಅಂತ, ಇನ್ನೂ ಚಿಕ್ಕ ವಯಸ್ಸು, ಮಾತು ಕಡಿಮೆ. ಆಕೆ ಒಂದು ತಾಸು ಕೂತು ಚಿಮುಟದಿಂದ ಹುಳ ತೆಗೆದು ಔಷಧಿ ಹಾಕಿದಳು. ಗಾಯ ಒಂದು ತಿಂಗಳಿಗೆ ಮಾಯಿತು. ಟಗರಿನ ತಲೆಯೊಳಗಿನ ಹಲಗೆ ಮಾತ್ರ ನಿಲ್ಲಲಿಲ್ಲ. ಯಾರಾದರೂ ಕೈ ತಟ್ಟಿದರೆ, ಪಾತ್ರೆ ಬಿದ್ದರೆ, ಸರಸರ ಹಿಂದೆ ಸರಿದು ಗೋಡೆಗೆ ಗುದ್ದುತ್ತಿತ್ತು. ಲಗಮವ್ವ ದಿನಾ ಅದರ ಹತ್ತಿರ ಹೋಗಿ, ಅದಕ್ಕೆ ಬೆನ್ನು ಮಾಡಿ ಕೂತು ಜೋಳ ಹಸನು ಮಾಡುತ್ತಿದ್ದಳು. ಬೇಡವೇ ಅಕ್ಕಾ, ಸೊಂಟ ಮುರಿಯುತ್ತದೆ ಅಂತ ಬಡಕೊಂಡೆ. ಒಂದು ದಿನ ಮೊರ ಕೈಜಾರಿ ಬಿತ್ತು, ಅದು ಬಂದು ಗುದ್ದಿಯೇಬಿಟ್ಟಿತು. ಇಪ್ಪತ್ತು ದಿನ ಹಾಸಿಗೆ. ಬಿಸಿ ಎಣ್ಣೆ ತಿಕ್ಕಿದವಳು ನಾನು. ತಿಕ್ಕುತ್ತ, ಇವತ್ತೇ ಅದನ್ನು ಆಚೆ ಹಾಕುತ್ತೇನೆ ಅಂದೆ. ಆಕೆ ಗೋಡೆಯ ಕಡೆ ಮುಖ ಮಾಡಿಕೊಂಡೇ, "ಅದಕ್ಕ ಏನು ಕಲಿಸ್ಯಾರ, ಅದನ್ನ ಮಾಡೇತಿ. ನಾವು ಇನ್ನೂ ಏನೂ ಕಲಿಸಿಲ್ಲಲ್ಲ" ಅಂದಳು.

ಎದ್ದ ಮೇಲೆ ತಿರುಗಿ ಅಲ್ಲೇ ಹೋಗಿ ಕೂತಳು. ಹಟ ಅಂದರೆ ಅದು. ಆರು ತಿಂಗಳಿಗೆ ಟಗರು ಆಕೆಯ ಮೊರದಿಂದ ಜೋಳ ತಿನ್ನತೊಡಗಿತು. ಆಮೇಲೆ ಅದನ್ನು ಕುರಿಗಳ ಜೊತೆ ಬಿಟ್ಟಳು. ಹುಟ್ಟಿದಾಗಿನಿಂದ ಒಂಟಿ ಕೋಣೆ ಕಂಡ ಪ್ರಾಣಿ, ಮೊದಲ ದಿನ ಹೆದರಿ ಗೋಡೆಗೆ ಅಂಟಿಕೊಂಡು ನಿಂತಿತ್ತು. ವಾರ ಕಳೆದು ನೋಡಿದರೆ ಕುಂಟ ಕುರಿಯೊಂದರ ಬೆನ್ನಿಗೆ ಗದ್ದ ಊರಿಕೊಂಡು ಮೆಲುಕು ಹಾಕುತ್ತಿದೆ. ಮರುವರ್ಷ ಹಿಂಡಿನಲ್ಲಿ ಮೂರು ಮರಿ, ಮೂರಕ್ಕೂ ಅದರದೇ ಅಗಲ ಹಣೆ. ಮರಿಗಳು ಅದರ ಮೈಮೇಲೆ ಹತ್ತಿ ಇಳಿಯುವಾಗ ಅದು ಕಣ್ಣು ಮುಚ್ಚಿಕೊಂಡಿರುತ್ತಿತ್ತು. ನನ್ನ ಗಂಡ ಬಸವಂತನೂ ನನ್ನ ಮಕ್ಕಳ ಕಾಲದಲ್ಲಿ ಅಷ್ಟು ತಾಳ್ಮೆಯಿಂದ ಇದ್ದವನಲ್ಲ.

ಆಗ ಬಂದ ದುಂಡೇಶ. ಚರ್ಮಗಂಟು ರೋಗ ಹಬ್ಬಿದ ವರ್ಷ ಅದು, ಮೈತುಂಬ ಗಂಟು ಎದ್ದು ದನಗಳು ಸಾಯುತ್ತಿದ್ದವು. ಲಗಮವ್ವ ಬಾದಾಮಿ ಕಡೆಯಿಂದ ಒಂದು ಕೋಣಗರುವನ್ನು ತರಲು ಹೋಗಿದ್ದಳು, ಜೀವಗಳಿಗೆ ನೀರು ಹಾಕಲು ನನಗೆ ಹೇಳಿದ್ದಳು. ನಾನು ಬಾನಿ ತುಂಬಿಸುತ್ತಿದ್ದೇನೆ, ಗೋಡೆಯ ಹೊರಗೆ ಮೂರು ಗಾಲಿಯ ಟಂಟಂ ಗಾಡಿ ಬಂದು ನಿಂತಿತು. ದುಂಡೇಶನ ಜೊತೆ ಇನ್ನಿಬ್ಬರು. ಆತನ ಹೊಸ ಟಗರು ಕಾಲು ಮುರಿದುಕೊಂಡಿತ್ತು, ಕಾಳಗಕ್ಕೆ ಹದಿನೈದೇ ದಿನ. ಇದು ಈಗ ಆರು ಹಲ್ಲಿನದಾಗಿ, ಮೈ ತುಂಬಿ, ನೋಡಿದವರ ಕಣ್ಣು ಕುಕ್ಕುವಂತಿತ್ತು. ತನ್ನ ಟಗರು ತಾನು ಒಯ್ಯುತ್ತೇನೆ, ಅವತ್ತು ಮೇಯಿಸಲು ಬಿಟ್ಟದ್ದು ಅಷ್ಟೇ ಅಂದ. ಮುಖದ ಮೇಲೆ ಹೊಡೆದಂಥ ಸುಳ್ಳು. ನಾನು ಬಾಯಿಗೆ ಬಂದದ್ದೆಲ್ಲ ಬಯ್ದೆ. ಹಾಟ್ಯಾ, ಹುಳ ಬಿದ್ದಾಗ ಎಲ್ಲಿ ಹೋಗಿದ್ದೆ ಅಂದೆ. ಬೈಗುಳಕ್ಕೆ ಮೂವರು ಗಂಡಸರು ನಿಲ್ಲುತ್ತಾರೆಯೇ. ಕೊರಳಿಗೆ ಹಗ್ಗ ಹಾಕಿಯೇಬಿಟ್ಟರು. ಆ ಜೀವ ಹಗ್ಗ ಕಂಡದ್ದೇ ತಡ, ಎಲ್ಲ ನೆನಪಾದ ಹಾಗೆ ಕಾಲು ಬಿಗಿದು ನಿಂತಿತು.

ಆಗ ನನ್ನ ಹಾಳು ಬುದ್ಧಿಗೆ ಒಂದು ಉಪಾಯ ಹೊಳೆಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತಾರಲ್ಲ, ಹಾಗೆ. ಚಪ್ಪರದ ಗೂಟಕ್ಕೆ ಲಗಮವ್ವ ಭಂಡಾರದ ಚೀಲ ತೂಗುಹಾಕಿರುತ್ತಾಳೆ. ಭಂಡಾರ ಅಂದರೆ ದೇವರ ಅರಿಶಿನದ ಪುಡಿ, ಆಕೆ ಅದನ್ನು ಗಾಯಕ್ಕೆ ಹಚ್ಚುತ್ತಿದ್ದಳು ಅಷ್ಟೇ. ನಾನು ಒಂದು ಹಿಡಿ ತೆಗೆದು ಟಗರಿನ ತಲೆಯ ಮೇಲೆ ಸುರಿದು, "ಮುಟ್ಟಬ್ಯಾಡ್ರಿ. ನಮ್ಮಕ್ಕ ಇದನ್ನ ದ್ಯಾಮವ್ವಗ ಹರಕಿ ಬಿಟ್ಟಾಳ" ಅಂದೆ.

ದ್ಯಾಮವ್ವ ನಮ್ಮೂರ ದೇವತೆ. ದುಂಡೇಶನ ಕೈ ಬೆಂಕಿ ಮುಟ್ಟಿದವನ ಹಾಗೆ ಹಿಂದೆ ಬಂತು. ತಾನೇ ಹಗ್ಗ ಬಿಚ್ಚಿದ, ಗಲ್ಲ ಗಲ್ಲ ಬಡಿದುಕೊಂಡ, ಟಂಟಂ ತಿರುಗಿಸಿಕೊಂಡು ಹೋದ. ನಾನು ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕೆ. ಓಣಿಗೆ ಬಂದು ಬಾವಿಯ ಹತ್ತಿರ, ಹಿಟ್ಟಿನ ಗಿರಣಿಯ ಹತ್ತಿರ, ಎಲ್ಲ ಕಡೆ ಹೇಳಿದೆ. ಯಾರಾದರೂ ನಂಬದೆ ಹೋದಾರು ಅಂತ ಎರಡೆರಡು ಸಲ ಹೇಳಿದೆ.

ಸಂಜೆ ಲಗಮವ್ವ ಕರು ಇಳಿಸಿಕೊಂಡು ಬಂದಳು. ನಾನು ಹೇಳುತ್ತ ಹೋದ ಹಾಗೆ ಆಕೆಯ ಮುಖ ಕಪ್ಪಿಟ್ಟಿತು. ನೀರು ತಂದು ಟಗರಿನ ತಲೆ ತೊಳೆದಳು. ತೊಳೆದಷ್ಟೂ ಹಳದಿ ಉಣ್ಣೆಗೆ ಇಳಿಯಿತು. ಕೊನೆಗೆ, "ದುಂಡೇಶ ಒಯ್ದಿದ್ರ ಹೋಗಿ ಜಗಳಾ ಮಾಡಿ ತರ್ತಿದ್ದೆ. ದೇವರ ಹೆಸರ್ಲೆ ಬಿಟ್ಟಿದ್ದನ್ನ ಊರು ಸುಮ್ಮ ಬಿಡತೈತೇನು?" ಅಂದಳು. ನನಗೆ ಸಿಟ್ಟು ಬಂತು. ಉಳಿಸಿಕೊಟ್ಟದ್ದಕ್ಕೆ ಸಿಕ್ಕಿದ್ದು ಇದು ಅಂದುಕೊಂಡು ಎದ್ದು ಬಂದೆ.

ಎರಡು ವಾರಕ್ಕೆ ಗೊತ್ತಾಯಿತು ಆಕೆ ಹೇಳಿದ್ದೇನು ಅಂತ. ಊರಲ್ಲಿ ಹನ್ನೊಂದು ದನ ಸತ್ತವು. ಹಿರಿಯರು ಕೂಡಿ ದ್ಯಾಮವ್ವನ ವಾರ ಹಿಡಿಯುವುದೆಂದು ಡಂಗುರ ಹೊಡೆಸಿದರು. ಅಂದರೆ ಐದು ಮಂಗಳವಾರ ಯಾರೂ ಹೊಲಕ್ಕೆ ಹೋಗಬಾರದು, ಮಗ್ಗದಲ್ಲಿ ಕೂರಬಾರದು, ಐದನೆಯ ವಾರ ಊರ ಸೀಮೆಯ ಕಲ್ಲಿನ ಹತ್ತಿರ ತಾಯಿಗೆ ಬಲಿ ಕೊಟ್ಟು ರೋಗವನ್ನು ಆಚೆ ಕಳಿಸುವುದು. ಹಿಂದಿನ ಸಲಗಳಲ್ಲಿ ಕುಂಬಳಕಾಯಿ ಒಡೆದಿದ್ದರು. ಈ ಸಲ ಕುಂಬಳಕಾಯಿ ಸಾಲದು, ಹರಕೆಗೆ ಬಿಟ್ಟ ಟಗರೇ ಇದೆಯಲ್ಲ, ಅದನ್ನೇ ಕೊಡೋಣ ಅಂದರು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಜಾತಿ.

ನಾನು ಬಾಯಿ ಬಿಟ್ಟದ್ದಕ್ಕೆ ಆ ಜೀವದ ಕುತ್ತಿಗೆಗೆ ಬಂದಿತ್ತು.

ಹಿರಿಯರಲ್ಲಿ ದೊಡ್ಡವರು ಕಲ್ಲಪ್ಪ. ಕೆಟ್ಟವರಲ್ಲ. ಅವರ ಜೋಡೆತ್ತಿನಲ್ಲಿ ಒಂದು ಅದೇ ರೋಗಕ್ಕೆ ಸತ್ತಿತ್ತು, ಇನ್ನೊಂದು ಮೇವು ಬಿಟ್ಟಿತ್ತು. ಕಾಯಿ, ಊದಿನಕಡ್ಡಿ ಹಿಡಿದು ಲಗಮವ್ವನ ಮನೆಗೆ ಬಂದು, ನೀನು ಮೊದಲೇ ಹರಕೆ ಹೊತ್ತದ್ದು ತಾಯಿಯೇ ನುಡಿಸಿದ ಹಾಗಾಯಿತು ಯವ್ವಾ ಅಂತ ಕಣ್ಣಲ್ಲಿ ನೀರು ತಂದರು. ನಾನು ಅಲ್ಲೇ ಮೂಲೆಯಲ್ಲಿ ಕಂಡಿಕೆ ಬುಟ್ಟಿ ಹಿಡಿದು ನಿಂತಿದ್ದೆ. ಲಗಮವ್ವ ನನ್ನ ಕಡೆ ನೋಡಲೂ ಇಲ್ಲ. ಟಗರನ್ನು ಕೊಡುವುದಿಲ್ಲ ಕಾಕಾ, ಕಾಯಿ ವಾಪಸು ಒಯ್ಯಿರಿ ಅಂದಳು. ಅಷ್ಟೇ. ಹರಕೆ ನನ್ನದಲ್ಲ, ಈಕೆಯ ಸುಳ್ಳು ಅಂತ ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು. ಅನ್ನಲಿಲ್ಲ.

ಯಾಕೆ ಅನ್ನಲಿಲ್ಲ ಅಂತ ನನಗೆ ಗೊತ್ತು. ನನ್ನ ಸೊಸೆ ಸುನಿತಾಳಿಗೆ ಆಗ ಏಳು ತಿಂಗಳು. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಬಸುರಿ ಇರುವ ಮನೆಯ ಹೆಂಗಸು ದೇವಿಯ ಹೆಸರಲ್ಲಿ ಸುಳ್ಳು ಹೇಳಿದಳು ಅಂತಾದರೆ ಊರು ನಮ್ಮನ್ನು ಹೇಗೆ ನೋಡೀತು? ಅದಕ್ಕಿಂತ, ನನಗೇ ಹೆದರಿಕೆ. ಹಗಲೆಲ್ಲ ದೊಡ್ಡ ಬಾಯಿ ಮಾಡುವ ನಾನು ದ್ಯಾಮವ್ವನ ಗುಡಿಯ ಮುಂದೆ ತಲೆ ಎತ್ತಿ ನಡೆಯಲಾರದೆ ಹೋದೆ. ನಾಳೆ ಹೇಳುತ್ತೇನೆ, ಮುಂದಿನ ವಾರ ಹೇಳುತ್ತೇನೆ ಅಂತ ನಾಲ್ಕು ಮಂಗಳವಾರ ಕಳೆದೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಊರು ತನ್ನ ಕೆಲಸ ಮಾಡಿತು. ಲಗಮವ್ವನ ಜೀವಗಳಿಗೆ ಗಾಯರಾಣದ ಹುಲ್ಲು ಬಂದ್ ಆಯಿತು. ಅದು ಊರೊಟ್ಟಿನ ಹುಲ್ಲುಗಾವಲು, ಅಲ್ಲಿ ಕತ್ತೆಯೂ ಮೇಯಬಹುದು, ಆಕೆಯ ಕರು ಮೇಯಬಾರದು. ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳಲು ಯಾರೂ ಕರೆಯಲಿಲ್ಲ. ಬೋರಿನ ನೀರು ಕೊಡುತ್ತಿದ್ದವನು ಪೈಪು ಕಿತ್ತ. ಆಕೆ ಮತ್ತು ಭಾವ ಕ್ವಾರಿಯ ಹೊಂಡದಿಂದ ಕೊಡ ಹೊತ್ತು ನೀರು ಹಾಕಿದರು. ಆಕೆಯ ದನಗಳಿಗೆ ಫರಹಾನಾ ಡಾಕ್ಟರು ಮೊದಲೇ ಲಸಿಕೆ ಹಾಕಿದ್ದರಿಂದ ಒಂದಕ್ಕೂ ಗಂಟು ಏಳಲಿಲ್ಲ, ಅದೂ ಊರಿಗೆ ಸಂಕಟವಾಯಿತು. ಡಾಕ್ಟರು ಬಂದಾಗ, ಬಲಿ ಕೊಡುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ, ಪೊಲೀಸರಿಗೆ ಒಂದು ಅರ್ಜಿ ಬರೆದುಕೊಡುತ್ತೇನೆ, ಸಹಿ ಹಾಕಿ ಅಂದಳು. ಲಗಮವ್ವ ಹಾಕಲಿಲ್ಲ. "ಪೊಲೀಸರು ಒಂದು ಮಂಗಳವಾರ ಬರ್ತಾರ್ರಿ ಡಾಕ್ಟರಬಾಯಿ. ಈ ಮಂದಿ ದಿನಾ ಇಲ್ಲೇ ಇರ್ತಾರ. ನಾ ಇವರಿಗೆ ಇವರ ಮುಂದ ನಿಂತು ಇಲ್ಲ ಅನ್ನಬೇಕು" ಅಂದಳು.

ಐದನೆಯ ಮಂಗಳವಾರ ಬಂತು. ಹತ್ತು ಗಂಟೆಯ ಹೊತ್ತಿಗೆ ನಲವತ್ತು ಐವತ್ತು ಮಂದಿ ಕ್ವಾರಿಯ ದಾರಿ ಹಿಡಿದರು. ಮುಂದೆ ಕಲ್ಲಪ್ಪ, ಪಕ್ಕದಲ್ಲಿ ಗುಡಿಯ ಪೂಜಾರಿ, ಹಿಂದೆ ಹಲಗೆಯವರು. ಬಾಲದಲ್ಲಿ ದುಂಡೇಶನೂ ಇದ್ದ. ನಾವು ಹೆಂಗಸರು ದೂರದಿಂದ ಬಂದೆವು. ಹೋಗಿ ನೋಡಿದರೆ ಲಗಮವ್ವ ಮುಳ್ಳಿನ ಬಾಗಿಲನ್ನು ಕಿತ್ತು ಪಕ್ಕಕ್ಕೆ ಇಟ್ಟಿದ್ದಾಳೆ. ಗೋಡೆಯ ಬಾಯಿ ತೆರೆದೇ ಇದೆ, ಆ ಬಾಯಲ್ಲಿ ಆಕೆ ಕಲ್ಲಿನ ಮೇಲೆ ಕೂತಿದ್ದಾಳೆ. ಒಳಗೆ ಬೇವಿನ ನೆರಳಲ್ಲಿ ಟಗರು ಕುರಿಗಳ ನಡುವೆ ಮಲಗಿದೆ.

ಹಲಗೆಯವನು ಬಡಿದ. ಟಗರು ಥಟ್ಟನೆ ಎದ್ದಿತು. ನಾಲ್ಕು ಹೆಜ್ಜೆ ಹಿಂದೆ ಸರಿಯಿತು, ತಲೆ ತಗ್ಗಿಸಿತು, ಮರಿಗಳು ಚೆದುರಿದವು. ಲಗಮವ್ವ ಎದ್ದು ನೆಟ್ಟಗೆ ಹಲಗೆಯವನ ಹತ್ತಿರ ಹೋಗಿ ಚರ್ಮದ ಮೇಲೆ ಅಂಗೈ ಇಟ್ಟು ಒತ್ತಿ ಹಿಡಿದಳು. ಆತ ಕೋಲು ಎತ್ತಿದವನು ಎತ್ತಿದ ಹಾಗೇ ನಿಂತ. ಸದ್ದು ನಿಂತಿತು. ಟಗರು ಒಂದು ಗಳಿಗೆ ನೋಡಿ, ಮೂಗಿನಿಂದ ಉಸಿರು ಬಿಟ್ಟು, ಮರಿಗಳ ಕಡೆ ತಿರುಗಿತು.

ಕಲ್ಲಪ್ಪ ಕೈ ಮುಗಿದರು. ಊರಿನ ದನ ಸಾಯುತ್ತಿವೆ, ನಿನ್ನ ಹರಕೆ ತೀರಿಸು ಯವ್ವಾ ಅಂದರು. ಲಗಮವ್ವ ಬಾಗಿಲಿಗೆ ಬಂದು ನಿಂತು ಹೇಳಿದಳು. "ಬಾಗಲಾ ತಗದ ಐತಿ, ಕಾಕಾ. ದ್ಯಾಮವ್ವಗ ಬೇಕಂದ್ರ ತಾನ ಬಂದು ಒಯ್ಲಿ, ನಾ ಅಡ್ಡ ಬರೂದಿಲ್ಲ. ಮನಷಾರು ಒಳಗ ಬರೂದಿದ್ರ ನನ್ನ ದಾಟಿ ಬರ್ಬೇಕು."

ಪೂಜಾರಿಗೆ ಸಿಟ್ಟೇರಿತು. ಹರಕೆ ತಪ್ಪಿದರೆ ಶಾಪ ತಟ್ಟುತ್ತದೆ, ಗೊತ್ತಿಲ್ಲವೇ ಅಂದ. ಯಾರಿಗೆ ತಟ್ಟುತ್ತದೆ ಅಂತ ಆಕೆ ಕೇಳಿದಳು. ಹೊತ್ತವಳಿಗೆ ಅಂದ.

"ಹಂಗಾರ ಚಲೋ ಆತು. ಹರಕಿ ನಂದು, ಶಾಪಾನೂ ನಂದು. ಕಣ್ಣು ಹೋಗ್ಲಿ, ಕೈ ಬೀಳ್ಲಿ, ಎಲ್ಲಾ ನನ್ನ ಮ್ಯಾಲ ಬರ್ಲಿ. ಎಲ್ಲಾರ ಮುಂದ ಹೇಳ್ತೇನಿ, ನಾ ತೀರಸೂದಿಲ್ಲ. ಈ ಟಗರು ತನ್ನ ಸಾವು ಬಂದಾಗ ತಾನ ಸಾಯತೈತಿ, ಅಲ್ಲೀತನಕ ಹಿಂಗ ಇರತೈತಿ."

ದೇವಿಯ ಶಾಪವನ್ನು ಹೀಗೆ ಉಡಿಯೊಡ್ಡಿ ಕೇಳಿದವರನ್ನು ನಮ್ಮೂರು ಕಂಡಿರಲಿಲ್ಲ. ನನ್ನ ಪಕ್ಕದಲ್ಲಿ ಸುನಿತಾ ನಿಂತಿದ್ದಳು, ಬರಬೇಡ ಅಂದರೂ ಬಂದಿದ್ದಳು. ಆಕೆಯ ಹೊಟ್ಟೆ ನೋಡಿದೆ. ಬಾಗಿಲಲ್ಲಿ ನಿಂತ ಲಗಮವ್ವನನ್ನು ನೋಡಿದೆ. ನನ್ನ ನಾಲಿಗೆಯ ತೀಟೆಗೆ ಆಕೆ ಕಣ್ಣು ಕೊಡುತ್ತೇನೆ, ಕೈ ಕೊಡುತ್ತೇನೆ ಅನ್ನುತ್ತಿದ್ದಾಳೆ, ನಾನು ಸೆರಗು ಬಾಯಿಗೆ ಇಟ್ಟುಕೊಂಡು ನಿಂತಿದ್ದೇನೆ. ಥೂ ನಿನ್ನ ಜನ್ಮಕ್ಕೆ ಅನಿಸಿತು. ಮಂದಿಯನ್ನು ತಳ್ಳಿಕೊಂಡು ಮುಂದೆ ಹೋದೆ.

"ಹರಕಿ ಆಕೀದಲ್ಲ. ದುಂಡೇಶ ಒಯ್ತಾನಂತ ನಾ ಸುಳ್ಳ ಹೇಳೀನಿ. ಭಂಡಾರ ಹಾಕಿದ ಕೈ ಇದು. ಶಾಪ ಬರೂದಿದ್ರ ನನಗ ಬರ್ಬೇಕು" ಅಂದೆ.

ಲಗಮವ್ವ ನನ್ನ ಮೇಲೆ ಎಗರಿಬಿದ್ದಳು. ಈಕೆಗೆ ಬುದ್ಧಿಯಿಲ್ಲ, ಕೇಳಬೇಡಿ, ಹರಕೆ ನನ್ನದೇ ಅಂದಳು. ನಾನು ಬಿಟ್ಟೇನೆಯೇ. ನಿನ್ನದು ಹೇಗಾಗುತ್ತದೆ, ಅವತ್ತು ನೀನು ಬಾದಾಮಿಯಲ್ಲಿದ್ದೆ ಅಂದೆ. ಮನೆಯಲ್ಲಿ ಬಸುರಿಯನ್ನು ಇಟ್ಟುಕೊಂಡು ಶಾಪ ಕೇಳುತ್ತೀಯಾ, ನಾಚಿಕೆಯಿಲ್ಲವೇ ಅಂತ ಆಕೆ. ನಾನು ಆಡಿದ ಮಾತಿಗೆ ನೀನು ಯಾವ ಊರ ದೊಣ್ಣೆನಾಯಕಿ ಅಂತ ನಾನು. ಹರಕೆ ನನ್ನದು, ಇಲ್ಲ ನನ್ನದು, ಶಾಪ ನನಗೆ, ಇಲ್ಲ ನನಗೆ. ಐವತ್ತು ಗಂಡಸರು ಹಲಗೆ ಕೆಳಗಿಟ್ಟು ನಮ್ಮಿಬ್ಬರ ಬಾಯಿ ನೋಡುತ್ತ ನಿಂತರು.

ಕಲ್ಲಪ್ಪ ಒಂದು ಕಲ್ಲಿನ ಮೇಲೆ ಕುಸಿದು ಕೂತರು. ಪೂಜಾರಿಯನ್ನು ನೋಡಿ, ಸುಳ್ಳು ಹರಕೆಯ ಪ್ರಾಣಿ ತಾಯಿಗೆ ನಡೆಯುತ್ತದೆಯೇ ಅಂತ ಕೇಳಿದರು. ಪೂಜಾರಿ ಬಹಳ ಹೊತ್ತು ಮೀಸೆ ತಿರುವಿ, ನಡೆಯುವುದಿಲ್ಲ ಅಂದ. ಸಂದಿಯಲ್ಲಿ ದುಂಡೇಶ ನುಸುಳಿಬಂದು, ಹಾಗಾದರೆ ಟಗರು ನನ್ನದೇ ಆಯಿತು ಅಂದ. ಲಗಮವ್ವ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. "ಒಯ್ಯೋ ತಮ್ಮಾ. ಭಂಡಾರ ಬಿದ್ದ ಟಗರಿನ ಎದುರು ಯಾವನು ತನ್ನ ಟಗರು ಬಿಡ್ತಾನ, ಮೊದಲ ಕೇಳಿ ನೋಡು." ದುಂಡೇಶ ಸುತ್ತ ನೋಡಿದ. ಟಗರು ಸಾಕಿದವರು ಐದಾರು ಮಂದಿ ಅಲ್ಲೇ ಇದ್ದರು. ಒಬ್ಬೊಬ್ಬರೂ ಒಂದೊಂದು ಕಡೆ ಮುಖ ತಿರುಗಿಸಿದರು. ಸುಳ್ಳು ಭಂಡಾರವಾದರೂ ಭಂಡಾರ ಭಂಡಾರವೇ, ಅದಕ್ಕೆ ಗುದ್ದಿಸುವ ಎದೆ ಯಾರಿಗೂ ಇರಲಿಲ್ಲ. ಆತ ಒಳಗೆ ಹೆಜ್ಜೆ ಇಡಲಿಲ್ಲ.

ಸೀಮೆಯ ಕಲ್ಲಿನ ಹತ್ತಿರ ಕುಂಬಳಕಾಯಿ ಒಡೆದು ಮಂದಿ ಮನೆಗೆ ಹೋದರು. ಹೋಗುವ ಮುಂಚೆ ಪೂಜಾರಿ, ದೇವಿಯ ಹೆಸರಲ್ಲಿ ಸುಳ್ಳಾಡಿದ್ದಕ್ಕೆ ತಪ್ಪುಕಾಣಿಕೆ ಕಟ್ಟು ಅಂತ ನನಗೆ ಹೇಳಿದ. ಶಾಪವನ್ನೇ ಒಪ್ಪಿಕೊಂಡಿದ್ದೇನೆ, ಮೇಲೆ ಕಾಣಿಕೆ ಯಾಕೆ ಅಂದೆ. ಕಟ್ಟಲಿಲ್ಲ, ಇವತ್ತಿಗೂ ಕಟ್ಟಿಲ್ಲ. ಕಲ್ಲಪ್ಪ ಮರುದಿನ ಫರಹಾನಾ ಡಾಕ್ಟರನ್ನು ಕರೆಸಿ ಉಳಿದ ಎತ್ತನ್ನು ತೋರಿಸಿದರು, ಅದು ಬದುಕಿತು. ಗಾಯರಾಣ ಬಿಟ್ಟುಕೊಡಲು ಊರಿಗೆ ಮತ್ತೂ ಮೂರು ತಿಂಗಳು ಬೇಕಾಯಿತು.

ಲಗಮವ್ವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಕಂಡಿಕೆಗೂ ಬರಲಿಲ್ಲ. ನಾನು ಮಗ್ಗದಲ್ಲಿ ಕೂತರೆ ಲಾಳಿ ನಡೆಯದು, ಬಾಗಿಲಲ್ಲಿ ನೆರಳಾಡಿದರೆ ಆಕೆಯೇ ಅಂತ ತಲೆ ಎತ್ತುತ್ತಿದ್ದೆ. ಹೊರಗೆ ಸೆಡವು, ಒಳಗೆ ಅಳು. ಸುನಿತಾ ಎರಡು ಸಲ ಮಗ್ಗುಲು ಬದಲಿಸಿದರೂ ನನ್ನ ಜೀವ ಹೌಹಾರುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಬಂದಳು. ರಾಟೆ ಎಳೆದುಕೊಂಡು ಕೂತು, ನೂಲು ಹಚ್ಚಿ, ಎರಡು ಕಂಡಿಕೆ ಸುತ್ತಿ ಬುಟ್ಟಿಗೆ ಹಾಕಿದಳು. ಮೂರನೆಯದಕ್ಕೆ ಎಳೆ ಹಿಡಿದು, ನನ್ನ ಕಡೆ ನೋಡದೆ ಹೇಳಿದಳು.

"ಶಾಪ ಬಂದ್ರ ಅರ್ಧಾ ನಂದು. ಪೂರ್ತಿ ನೀ ಒಬ್ಬಾಕಿನ ಇಟ್ಗೋಬ್ಯಾಡ."